ಕಡಿಮೆ ಖರ್ಚಿನಲ್ಲಿ ತೂಕ ಇಳಿಸುವುದು: ದಿನಸಿ ಚೀಟಿಯಿಂದ ದಂಡ-ಬಸ್ಕಿವರೆಗೆ

ತೂಕ ಇಳಿಸಬೇಕು ಅಂತ ಮನಸ್ಸು ಮಾಡಿದ ಕೂಡಲೇ ಬೆಳೆಯುವುದು ಖರ್ಚಿನ ಪಟ್ಟಿ. ಜಿಮ್ ಫೀಸು, ಓಟ್ಸ್, ಗ್ರೀನ್ ಟೀ, ಆಲಿವ್ ಎಣ್ಣೆ, ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ. ನಿಜವಾಗಿ ಆಗಬೇಕಾದ್ದು ಇದರ ತಿರುಗಾಮುರುಗಾ. ಕೆಲಸ ಸರಿದಾರಿಯಲ್ಲಿದ್ದರೆ ತಿಂಗಳ ದಿನಸಿ ಬಿಲ್ಲು ಸ್ವಲ್ಪ ಇಳಿಯಬೇಕು. ಏರುತ್ತಿದ್ದರೆ ಎಲ್ಲೋ ಎಡವಿದ್ದೀರಿ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಮ್ಮಿಯಾದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕೆಜಿ ಇಳಿಯುತ್ತದೆ. 65 ಕೆಜಿಯವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 120 ಕ್ಯಾಲೊರಿಯ ಆಸುಪಾಸು. ಒಂದು ಟೇಬಲ್ ಚಮಚ ಎಣ್ಣೆಯಲ್ಲೂ ಅಷ್ಟೇ ಇದೆ. ಅರ್ಧ ಗಂಟೆ ಬೆವರು ಸುರಿಸಿದ್ದನ್ನು ಒಗ್ಗರಣೆ ಸೌಟು ಒಂದೇ ಏಟಿಗೆ ತುಂಬಿಕೊಡುತ್ತದೆ. ಆದ್ದರಿಂದ ತೂಕದ ಲೆಕ್ಕ ಮುಗಿಯುವುದು ಅಡುಗೆಮನೆಯಲ್ಲಿ. ಮೈ ಗಟ್ಟಿಯಾಗುವುದು, ದಮ್ಮು ಹೆಚ್ಚುವುದು, ಸ್ನಾಯು ಕರಗದೆ ಉಳಿಯುವುದು ವ್ಯಾಯಾಮದಿಂದ. ಎರಡೂ ಬೇಕು, ಆದರೆ ಮೊದಲು ಅಡುಗೆಮನೆ.

ಮೊದಲು ಅಳತೆ

ದರ್ಜಿ ಅಂಗಡಿಗೆ ಸಾಮಾನು ಮಾರುವವರ ಹತ್ತಿರ ಒಂದು ಟೇಪು ತನ್ನಿ. ಇಪ್ಪತ್ತು ರೂಪಾಯಿಯ ಈ ಟೇಪು ತೂಕದ ಯಂತ್ರಕ್ಕಿಂತ ನಂಬಿಗಸ್ತ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಸುತ್ತಿ. ಉಸಿರು ಸಹಜವಾಗಿ ಬಿಟ್ಟಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ನಮ್ಮ ದೇಶದವರಿಗೆ ಇಟ್ಟಿರುವ ಗಡಿ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ. ಪ್ಯಾಂಟಿನ ಸೈಜು ನೋಡಿ ಸಮಾಧಾನಪಡಬೇಡಿ, ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ.

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಅದರ ಗಡಿಯೂ ನಮಗೆ ಸ್ವಲ್ಪ ಬಿಗಿ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 23ರಿಂದ ಗುಣಿಸಿ. 160 ಸೆಂಮೀ ಎತ್ತರದವರಿಗೆ ಅದು 59 ಕೆಜಿ. 25ರ ಗಡಿ 64 ಕೆಜಿ. ಗುರಿ ದೂರ ಕಂಡರೆ ಗಾಬರಿ ಬೇಡ. ಈಗಿನ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ಇಳಿದರೂ ಸಕ್ಕರೆ ಮತ್ತು ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತದೆ. 75 ಕೆಜಿಯವರಿಗೆ ಅದು ನಾಲ್ಕೈದು ಕೆಜಿ ಅಷ್ಟೇ.

ತೂಕ ನೋಡುವುದು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚ ಮುಗಿಸಿ ಕಾಫಿಗೆ ಮುಂಚೆ. ದಿನಾ ಹತ್ತಿ ಇಳಿಯುವವರು ಬೇಗ ಕೈಬಿಡುತ್ತಾರೆ. ಭಾನುವಾರ ಬಾಡೂಟ ಉಂಡರೆ ಸೋಮವಾರ ಒಂದು ಕೆಜಿ ಏರಿರುತ್ತದೆ. ಅದು ಕೊಬ್ಬಲ್ಲ, ಉಪ್ಪು ಹಿಡಿದಿಟ್ಟುಕೊಂಡ ನೀರು ಮತ್ತು ಹೊಟ್ಟೆಯಲ್ಲಿ ಇನ್ನೂ ಕೂತಿರುವ ಊಟ. ಮೂರು-ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ.

ಶುರುಮಾಡುವ ಮುಂಚೆ ಒಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ “ನಮ್ಮ ಕ್ಲಿನಿಕ್‌”ಗೆ ಹೋಗಿ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಕಡಿಮೆ ಮಾಡಲೇಬಾರದು. ಊಟ ಇಳಿದು ಡೋಸು ಇಳಿಯದಿದ್ದರೆ ಲೋ ಶುಗರ್ ಆಗಿ ಬೀಳುತ್ತೀರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ತೂಕ ಇಳಿಸುವ ಊಟದ ಗೊಡವೆಗೆ ಹೋಗುವುದು ಬೇಡ. ಎದೆನೋವು ಇದ್ದವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ಮೊದಲು ಇಸಿಜಿ ಮಾಡಿಸಲಿ.

ಎಣ್ಣೆ ಬಾಟಲಿ

ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾಗುತ್ತಿದೆ ಅನ್ನಿ. ತಲೆಗೆ ದಿನಕ್ಕೆ 33 ಮಿಲಿ, ಅಂದರೆ 270 ಕ್ಯಾಲೊರಿ. ಅದನ್ನು 2 ಲೀಟರಿಗೆ ಇಳಿಸಿದರೆ ತಲೆಗೆ 135 ಕ್ಯಾಲೊರಿ ಉಳಿಯುತ್ತದೆ. ಬೇರೇನೂ ಬದಲಿಸದೆ ತಿಂಗಳಿಗೆ ಅರ್ಧ ಕೆಜಿ ಇಳಿಯಲು ಅಷ್ಟು ಸಾಕು. ಎರಡು ಪ್ಯಾಕೆಟ್ ಎಣ್ಣೆಯ ದುಡ್ಡೂ ಕೈಯಲ್ಲೇ ಇರುತ್ತದೆ.

“ಎಣ್ಣೆ ಕಮ್ಮಿ ಹಾಕು” ಅಂತ ಹೇಳಿದರೆ ಯಾವ ಮನೆಯಲ್ಲೂ ಕಮ್ಮಿ ಆಗುವುದಿಲ್ಲ. ಕಣ್ಣಳತೆಗೆ ಅಂಕೆ ಇಲ್ಲ. ಹೀಗೆ ಮಾಡಿ: ಅರ್ಧ ಲೀಟರಿನ ಖಾಲಿ ಬಾಟಲಿ ತೊಳೆದು ಒಣಗಿಸಿ, ಸೋಮವಾರ ಬೆಳಿಗ್ಗೆ ಅದಕ್ಕೆ 450 ಮಿಲಿ ಎಣ್ಣೆ ಹಾಕಿ. ಪ್ಯಾಕೆಟ್ ಎತ್ತಿ ಅಟ್ಟದ ಮೇಲಿಡಿ. ವಾರಪೂರ್ತಿ ಈ ಬಾಟಲಿಯಿಂದಲೇ ಅಡುಗೆ, ಚಮಚದಲ್ಲಿ ಅಳೆದು. ಮೊದಲ ವಾರ ಗುರುವಾರಕ್ಕೇ ತಳ ಕಾಣುತ್ತದೆ. ಯಾಕೆಂದು ನೋಡಿದರೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಹಪ್ಪಳ-ಬಜ್ಜಿಗೆ ಬಾಣಲೆಗೆ ಸುರಿದದ್ದು. ಇನ್ನೊಂದು, ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಮಜ್ಜಿಗೆಗೆ ಬೇರೆ ಬೇರೆ ಒಗ್ಗರಣೆ. ಒಂದೇ ಸೌಟಿನಲ್ಲಿ ಎರಡು ಟೀ ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಸಿಡಿಸಿ ಎಲ್ಲದಕ್ಕೂ ಹಂಚಿ. ಘಮ ಬರುವುದು ಇಂಗು-ಕರಿಬೇವಿನಿಂದ, ಎಣ್ಣೆಯ ಪ್ರಮಾಣದಿಂದಲ್ಲ. ಹಪ್ಪಳ ಕೆಂಡದ ಮೇಲೋ ಗ್ಯಾಸಿನ ಉರಿಯಲ್ಲೋ ಸುಟ್ಟರೂ ರುಚಿಯೇ.

ಹಳೇ ಮೈಸೂರು ಸೀಮೆಯ ಉಪ್ಸಾರು, ಬಸ್ಸಾರು ಈ ವಿಷಯದಲ್ಲಿ ಯಾವ ಡಯಟ್ ಪುಸ್ತಕಕ್ಕೂ ಸೋಲುವುದಿಲ್ಲ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು, ಮೇಲೊಂದು ಖಾರ; ಎಣ್ಣೆ ನೆಪಕ್ಕೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಗೆ ಎಣ್ಣೆ ಇಲ್ಲ, ಆದರೆ ಬದನೆಕಾಯಿ ಎಣ್ಣೆಗಾಯಿ ಮತ್ತು ಶೇಂಗಾ ಹಿಂಡಿಗೆ ಹಾಕಿದ ಎಣ್ಣೆ ಆ ಲಾಭವನ್ನೆಲ್ಲ ನುಂಗುತ್ತದೆ. ಕರಾವಳಿಯವರು ತೆಂಗಿನಕಾಯಿ ಲೆಕ್ಕ ಇಡಲಿ. ಒಂದು ಹಿಡಿ ತುರಿ, ಅಂದಾಜು 30 ಗ್ರಾಂ, ನೂರು ಕ್ಯಾಲೊರಿ. ಕಾಯಿ ಬಿಡಬೇಕಿಲ್ಲ, ಬೂತಾಯಿ ಗಸಿಗೆ ಕಾಯಿ ಅರೆದ ದಿನ ಪಲ್ಯಕ್ಕೆ ಕಾಯಿ ಬೇಡ, ಅಷ್ಟೇ.

ಅನ್ನ, ಮುದ್ದೆ, ಕಾಳು

ನಿಮ್ಮ ಮನೆಯ ಅಕ್ಕಿ ಅಳೆಯುವ ಲೋಟವನ್ನು ಒಮ್ಮೆ ಅಂಗಡಿಗೆ ಒಯ್ದು ಅಕ್ಕಿ ತುಂಬಿಸಿ ತೂಗಿಸಿ. ಪಾವು ಅನ್ನುವುದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಗಾತ್ರ. ತೂಕ ಗೊತ್ತಾದಮೇಲೆ ಕೆಳಗಿನ ಲೆಕ್ಕವನ್ನು ಅದೇ ಲೋಟಕ್ಕೆ ಹೊಂದಿಸಿಕೊಳ್ಳಿ. ಎಲ್ಲವೂ ಬೇಯಿಸುವ ಮುಂಚಿನ ತೂಕ, ಒಬ್ಬರಿಗೆ, ಒಂದು ದಿನಕ್ಕೆ:

ಅಕ್ಕಿ, ರಾಗಿ, ಜೋಳ, ಗೋಧಿ, ರವೆ ಎಲ್ಲ ಸೇರಿ: 200 ಗ್ರಾಂ
ಬೇಳೆ-ಕಾಳು: 80 ಗ್ರಾಂ
ತರಕಾರಿ, ಸೊಪ್ಪು: 400 ಗ್ರಾಂ
ಹಾಲು, ಮೊಸರು: 300 ಮಿಲಿ (ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಸಾಕು)
ಎಣ್ಣೆ: 15 ಗ್ರಾಂ
ಕಡಲೆಕಾಯಿ ಬೀಜ: 15 ಗ್ರಾಂ
ಬಾಳೆಹಣ್ಣು ಅಥವಾ ಸೀಬೆಹಣ್ಣು: ಒಂದು

ಇದು 1,500-1,600 ಕ್ಯಾಲೊರಿಯ ಊಟ; ಕೂತು ಕೆಲಸ ಮಾಡುವ ಹೆಂಗಸರಿಗೆ ಇಳಿಸುವ ಲೆಕ್ಕ. ಗಂಡಸರು, ನಿಂತು ದುಡಿಯುವವರು ಇದಕ್ಕೆ 60 ಗ್ರಾಂ ಧಾನ್ಯ ಮತ್ತು ಒಂದು ಮೊಟ್ಟೆ ಸೇರಿಸಿ. 1,200ಕ್ಕಿಂತ ಕೆಳಗೆ ಸ್ವಂತ ಬುದ್ಧಿಯಿಂದ ಇಳಿಯಬೇಡಿ. ಮೊದಲ ತಿಂಗಳು ಬಡಬಡ ಇಳಿದು, ಎರಡನೇ ತಿಂಗಳು ತಲೆಸುತ್ತು, ಮೂರನೇ ತಿಂಗಳು ಕೂದಲು ಉದುರಿ, ಆಮೇಲೆ ಇಳಿದದ್ದೆಲ್ಲ ಬಡ್ಡಿಸಮೇತ ವಾಪಸು ಬರುತ್ತದೆ.

ಮುದ್ದೆ ಬಗ್ಗೆ ಒಂದು ಮಾತು. ರಾಗಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಅರ್ಧ ಸತ್ಯ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 320 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ 350, ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯ ಲಾಭ ಇರುವುದು ನಾರಿನಲ್ಲಿ, ಸುಣ್ಣದಂಶದಲ್ಲಿ, ಒಂದು ಮುದ್ದೆ ನುಂಗುವಷ್ಟರಲ್ಲಿ ಹೊಟ್ಟೆ ಸಾಕು ಅನ್ನುವುದರಲ್ಲಿ. ಕೆಡುವುದು ಎಲ್ಲಿ ಅಂದರೆ, ಮುದ್ದೆ ಆದಮೇಲೆ “ಒಂಚೂರು ಅನ್ನ” ಅಂತ ತಟ್ಟೆ ಮುಂದಿಡುವಲ್ಲಿ. ಮುದ್ದೆ ಉಂಡರೆ ಅನ್ನ ಇಲ್ಲ, ಅನ್ನ ಉಂಡರೆ ಮುದ್ದೆ ಇಲ್ಲ. ರಾಗಿ ಮಾಲ್ಟಿಗೆ ಬೆಲ್ಲ ಹಾಕಿ ಕುಡಿಯುವುದೂ ಅದೇ ಜಾತಿಯ ತಪ್ಪು. ಬೆಲ್ಲ, ಜೇನುತುಪ್ಪ, ಸಕ್ಕರೆ ಮೂರೂ ಈ ಲೆಕ್ಕದಲ್ಲಿ ಅಣ್ಣ-ತಮ್ಮಂದಿರು. ಬೆಳಿಗ್ಗೆ ಬಿಸಿನೀರಿಗೆ ಒಂದು ದೊಡ್ಡ ಚಮಚ ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುವುದಿಲ್ಲ, 60 ಕ್ಯಾಲೊರಿ ಒಳಗೆ ಹೋಗುತ್ತದೆ. ದಿನಕ್ಕೆ ಮೂರು ಕಾಫಿ, ಪ್ರತಿ ಸಲ ಎರಡು ಚಮಚ ಸಕ್ಕರೆ ಅಂದರೆ 30 ಗ್ರಾಂ, 120 ಕ್ಯಾಲೊರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಮ್ಮೆಗೇ ನಿಲ್ಲಿಸಿದವರು ಹತ್ತನೇ ದಿನ ಮೈಸೂರ್ ಪಾಕಿನ ಡಬ್ಬಿ ಬಿಚ್ಚುತ್ತಾರೆ.

ಪ್ರೋಟೀನ್ ಕಡಿಮೆಯಾದರೆ ತೂಕದ ಜೊತೆ ಸ್ನಾಯುವೂ ಇಳಿಯುತ್ತದೆ, ಹಸಿವೂ ಹೆಚ್ಚು. ಸಾಮಾನ್ಯ ಅಗತ್ಯ ದೇಹದ ಪ್ರತಿ ಕೆಜಿಗೆ 0.83 ಗ್ರಾಂ, ತೂಕ ಇಳಿಸುವಾಗ 1 ಗ್ರಾಂ ದಾಟಿಸುವುದು ಒಳ್ಳೆಯದು. ಮೇಲಿನ ಪಟ್ಟಿಯಲ್ಲಿ ಸುಮಾರು 55 ಗ್ರಾಂ ಸಿಗುತ್ತದೆ. ಎರಡು ಮೊಟ್ಟೆಯಿಂದ 12 ಗ್ರಾಂ, ಇಲ್ಲವೇ 25 ಗ್ರಾಂ ಸೋಯಾ ಚಂಕ್ಸ್‌ನಿಂದ 13 ಗ್ರಾಂ ಸೇರಿಸಿಕೊಳ್ಳಬಹುದು. ಯಾವುದು ಅಗ್ಗ ಅಂತ ಹೀಗೆ ನೋಡಿ. ಹುರುಳಿಕಾಳು ಕೆಜಿಗೆ 80 ರೂಪಾಯಿ ಇದ್ದರೆ ಅದರಲ್ಲಿ 220 ಗ್ರಾಂ ಪ್ರೋಟೀನ್. ಹತ್ತು ಗ್ರಾಮಿಗೆ ನಾಲ್ಕು ರೂಪಾಯಿಯೂ ಬೀಳುವುದಿಲ್ಲ. ಮೊಟ್ಟೆ 7 ರೂಪಾಯಿ ಇದ್ದರೆ ಹತ್ತು ಗ್ರಾಮಿಗೆ ಹನ್ನೆರಡು ರೂಪಾಯಿ. ಡಬ್ಬಿ ಪುಡಿ ಕೆಜಿಗೆ 2,500 ಇದ್ದರೆ ಮೂವತ್ತು ದಾಟುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಹುರುಳಿ ಮೊಳಕೆ ಕಟ್ಟುವುದಕ್ಕೆ ಬಟ್ಟೆಯೊಂದು ಸಾಕು. ಕಲ್ಲು ಆರಿಸಿ, ತೊಳೆದು 10-12 ಗಂಟೆ ನೆನೆಸಿ. ನೀರು ಪೂರ್ತಿ ಬಸಿದು ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಪಾತ್ರೆಯಲ್ಲಿಟ್ಟು ಅರ್ಧ ಮುಚ್ಚಿ. ಎಂಟು ಗಂಟೆಗೊಮ್ಮೆ ಗಂಟು ಬಿಚ್ಚಿ, ತೊಳೆದು, ಮತ್ತೆ ಬಸಿದು ಕಟ್ಟಿ. ಒಂದು ದಿನಕ್ಕೆ ಮೊಳಕೆ ಕಾಣುತ್ತದೆ, ಚಳಿಗಾಲದಲ್ಲಿ ಇನ್ನರ್ಧ ದಿನ ಬೇಕು. ಲೋಳೆಯಾಗಿ ನಾತ ಬಂದರೆ ನೀರು ಉಳಿದಿದೆ ಅಥವಾ ಗಂಟು ಬಿಗಿಯಾಗಿದೆ ಅಂತ ಅರ್ಥ, ಎಸೆಯಿರಿ. ಹಸಿ ತಿನ್ನದೆ ಬೇಯಿಸಿ ಉಸುಳಿ ಮಾಡಿ ಅಥವಾ ಸಾರು ಕುದಿಸಿ. ಅಭ್ಯಾಸ ಇಲ್ಲದವರು 30 ಗ್ರಾಮಿನಿಂದ ಶುರುಮಾಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ ಕಾಳಿನ ಮೇಲೇ ತಪ್ಪು ಹೊರಿಸುತ್ತೀರಿ.

ತಟ್ಟೆಗೆ ಬಡಿಸುವ ಕ್ರಮ ಬದಲಿಸಿ: ಮೊದಲು ಕೋಸಂಬರಿ ಅಥವಾ ಪಲ್ಯ, ಅದು ಅರ್ಧ ಮುಗಿದಮೇಲೆ ಅನ್ನ-ರೊಟ್ಟಿ. ಸಾರಿನ ಪಾತ್ರೆ ಎದುರಿರಲಿ, ಅನ್ನದ ಪಾತ್ರೆ ಒಲೆಯ ಹತ್ತಿರವೇ ಇರಲಿ. ಎದ್ದು ಹೋಗಿ ಹಾಕಿಕೊಳ್ಳುವ ಸೋಮಾರಿತನವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಜೆ ನಾಲ್ಕರಿಂದ ಆರರ ಹೊತ್ತು ಅಪಾಯದ ವೇಳೆ. ಖಾರಾ ಬನ್ನು, ನಿಪ್ಪಟ್ಟು ಕೈಗೆ ಬರುವ ಮುಂಚೆ ಬೇಯಿಸಿದ ಕಡಲೆಕಾಳೋ ಒಂದು ಹಿಡಿ ಹುರಿಗಡಲೆಯೋ ಬಾಯಿಗೆ ಬಿದ್ದಿರಲಿ.

ನಡಿಗೆ

ಪಾರ್ಕು, ಕೆರೆ ಏರಿ, ಶಾಲೆಯ ಮೈದಾನ, ಯಾವುದೂ ಆದೀತು. ವೇಗದ ಗುರುತು ಇಷ್ಟೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ನೂರು ಹೆಜ್ಜೆ ದಾಟಿರಬೇಕು. ನಾಲ್ಕು ಜನ ಸಾಲಾಗಿ ರಾಜಕೀಯ ಮಾತಾಡುತ್ತ ಹೋಗುವುದು ವಾಕಿಂಗ್ ಅಲ್ಲ, ಹರಟೆ. ಅದೂ ಬೇಕು, ಲೆಕ್ಕಕ್ಕೆ ಬೇಡ.

ಮೊದಲ ಎರಡು ವಾರ ದಿನಕ್ಕೆ 20 ನಿಮಿಷ, ಬೇಕಿದ್ದರೆ ಹತ್ತು-ಹತ್ತಾಗಿ ಒಡೆದು, ವಾರಕ್ಕೆ ಆರು ದಿನ. ಮೂರು-ನಾಲ್ಕನೇ ವಾರ 30 ನಿಮಿಷ. ಐದು-ಆರನೇ ವಾರ 40 ನಿಮಿಷ. ಅದರ ನಡುವೆ ಒಂದು ನಿಮಿಷ ದಡದಡ, ಎರಡು ನಿಮಿಷ ಮಾಮೂಲು, ಹೀಗೆ ಆರು ಸುತ್ತು. ಎಂಟನೇ ವಾರಕ್ಕೆ 45-50 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ಐದನೇ ವಾರಕ್ಕೇ ಅದರ ನಡುಮಧ್ಯ ಇರುತ್ತೀರಿ.

ದುಡ್ಡು ಹಾಕುವುದಿದ್ದರೆ ಶೂಗೆ ಹಾಕಿ. ಹವಾಯಿ ಚಪ್ಪಲಿಯಲ್ಲಿ ದಿನಾ ನಾಲ್ಕು ಕಿಲೋಮೀಟರ್ ನಡೆದರೆ ತಿಂಗಳೊಳಗೆ ಹಿಮ್ಮಡಿ ಹಿಡಿಯುವ ಸಂಭವ ಹೆಚ್ಚು. ಶೂ ಕೊಳ್ಳುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ; ಬೆರಳ ತುದಿಯ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ನಡಿಗೆಯನ್ನು ಅರ್ಧಕ್ಕಿಳಿಸಿ. ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು ಮೀನಖಂಡವನ್ನು 30 ಸೆಕೆಂಡ್ ಎಳೆಯಿರಿ. ಒಂದೊಂದು ಕಾಲಿಗೆ ಮೂರು ಸಲ, ದಿನಕ್ಕೆರಡು ಬಾರಿ.

ಸಾಮು

ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಮೈ ಕಟ್ಟಿದ್ದು ದಂಡ, ಬಸ್ಕಿ, ಗದೆ, ಕಲ್ಲುಗುಂಡಿನಿಂದ. ಮೊದಲೆರಡಕ್ಕೆ ಯಾವ ಸಲಕರಣೆಯೂ ಬೇಡ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, 25 ನಿಮಿಷ. ಮೈ ಬಿಸಿಯಾಗಲು ನಾಲ್ಕೈದು ಸೂರ್ಯ ನಮಸ್ಕಾರ ನಿಧಾನಕ್ಕೆ ಮಾಡಿ. ಬಿಪಿ ಹತೋಟಿಯಲ್ಲಿ ಇಲ್ಲದವರು ತಲೆ ಕೆಳಗಾಗುವ ಭಂಗಿ ಬಿಟ್ಟು ನಿಂತಲ್ಲೇ ಕಾಲಾಡಿಸಿ.

ಬಸ್ಕಿ: ಹಿಂದೆ ಒಂದು ಕುರ್ಚಿ ಇಟ್ಟುಕೊಳ್ಳಿ. ಕಾಲು ಭುಜದಗಲ, ಹಿಮ್ಮಡಿ ನೆಲಕ್ಕೆ ಕಚ್ಚಿರಲಿ. ಕೂರಲು ಹೋಗುವಂತೆ ಸೊಂಟ ಹಿಂದಕ್ಕೆ ತಳ್ಳಿ, ಕುರ್ಚಿ ತಾಗಿದ ಕೂಡಲೇ ಏಳಿ. ಮಂಡಿ ಒಳಗೆ ಬಾಗಿದರೆ ನೋವು ಶುರು. ಮಂಡಿ ಕಿರುಬೆರಳ ದಿಕ್ಕಿಗೆ ನೋಡುತ್ತಿರಲಿ. ಎರಡು ವಾರದ ಮೇಲೆ ಕುರ್ಚಿ ತೆಗೆದು ಇನ್ನೂ ಕೆಳಗಿಳಿಯಿರಿ.

ದಂಡ (ಪುಷ್-ಅಪ್): ನೆಲದ ಮೇಲೆ ಆಗದವರು ಗೋಡೆಯಿಂದ ಶುರುಮಾಡಿ. ಆಮೇಲೆ ಅಡುಗೆ ಕಟ್ಟೆ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ತಲೆಯಿಂದ ಹಿಮ್ಮಡಿವರೆಗೆ ಮೈ ಹಲಗೆಯಂತಿರಬೇಕು. ಸೊಂಟ ಜೋತುಬಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ.

ಎಳೆತ: ಎಲ್ಲರೂ ಮರೆಯುವುದು ಬೆನ್ನನ್ನು. 5 ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ನೀರು ತುಂಬಿದರೆ 5 ಕೆಜಿ, ಒಣ ಮರಳು ತುಂಬಿದರೆ 8 ಕೆಜಿ. ಒಂದು ಕೈ ಮಂಚಕ್ಕೆ ಊರಿ, ಬೆನ್ನು ಚಪ್ಪಟೆ ಇಟ್ಟು, ಇನ್ನೊಂದು ಕೈಯಲ್ಲಿ ಕ್ಯಾನನ್ನು ಸೊಂಟದ ಕಡೆ ಎಳೆಯಿರಿ. ಹಿಡಿಕೆ ಬಿರುಕು ಬಿಟ್ಟಿಲ್ಲ ತಾನೆ, ಮೊದಲೇ ನೋಡಿ. ಪಾದದ ಮೇಲೆ ಬಿದ್ದರೆ ತಿಂಗಳು ರಜೆ.

ಸೇತುಬಂಧ: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ ಎರಡು ಸೆಕೆಂಡ್ ಹಿಡಿದು ಇಳಿಸಿ. ಕೊನೆಗೆ ಮೊಣಕೈ ಊರಿ ಮೈಯನ್ನು ಹಲಗೆಯಂತೆ ಹಿಡಿಯುವ ಪ್ಲ್ಯಾಂಕ್, 20 ಸೆಕೆಂಡಿನಿಂದ ಶುರು.

ಪ್ಲ್ಯಾಂಕ್ ಬಿಟ್ಟು ಉಳಿದವು ಒಂದೊಂದೂ 8ರಿಂದ 12 ಸಲ, ಮೂರು ಸುತ್ತು, ನಡುವೆ ಒಂದು-ಒಂದೂವರೆ ನಿಮಿಷ ಬಿಡುವು. ಮೂರೂ ಸುತ್ತಿನಲ್ಲಿ 12 ಸಲೀಸಾದರೆ ಮುಂದಿನ ಮೆಟ್ಟಿಲಿಗೆ ಹೋಗಿ, ಅಥವಾ ಶಾಲೆಯ ಬ್ಯಾಗಿಗೆ 5 ಕೆಜಿ ಅಕ್ಕಿ ತುಂಬಿ ಬೆನ್ನಿಗೇರಿಸಿ.

ಮೊದಲ ದಿನವೇ ಹುರುಪಿನಲ್ಲಿ ನೂರು ಬಸ್ಕಿ ಹೊಡೆಯುವುದು ನಮ್ಮಲ್ಲಿ ಅತಿ ಸಾಮಾನ್ಯ ತಪ್ಪು. ಮರುದಿನ ಮೆಟ್ಟಿಲಿಳಿಯಲು ಆಗುವುದಿಲ್ಲ, ನಾಲ್ಕು ದಿನ ರಜೆ, ಐದನೇ ದಿನ ಮರೆವು. ಇನ್ನೂ ಕೆಟ್ಟದ್ದು, ಅಭ್ಯಾಸವಿಲ್ಲದ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೊರೆಯಾಗಬಹುದು. ಅತಿಯಾದ ವ್ಯಾಯಾಮದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪಾರ್ಕಿನ ಓಪನ್ ಜಿಮ್ಮಿನಲ್ಲಿ ನಿಂತು ಸೊಂಟ ತಿರುಗಿಸುವ ತಟ್ಟೆಯಿಂದ ಹೊಟ್ಟೆ ಕರಗುವುದಿಲ್ಲ. ಒಂದು ಜಾಗದ ಕೊಬ್ಬನ್ನು ಆರಿಸಿ ತೆಗೆಯುವ ವ್ಯಾಯಾಮ ಯಾವುದೂ ಇಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಜೋತುಬೀಳುವ ಕಂಬಿ. 20 ಸೆಕೆಂಡ್ ನೇತಾಡಿ, ಮೂರು ಸಲ. ಸೊಂಟಕ್ಕೆ ಕಟ್ಟಿ ಬೆವರಿಳಿಸುವ ಬೆಲ್ಟು ತೆಗೆಯುವುದು ಬರೀ ನೀರನ್ನು. ಒಂದು ಚೊಂಬು ಕುಡಿದರೆ ವಾಪಸು.

ತೂಕ ನಿಂತುಬಿಟ್ಟರೆ

ಮೂರು ವಾರ ತೂಕವೂ ಸೊಂಟವೂ ಕದಲದಿದ್ದರೆ ಮಾತ್ರ ಅದು ನಿಂತಂತೆ. ತೂಕ ನಿಂತು ಟೇಪು ಇಳಿಯುತ್ತಿದ್ದರೆ ಏನೂ ಬದಲಿಸಬೇಡಿ. ಎರಡೂ ನಿಂತಿದ್ದರೆ ಮೊದಲು ಎಣ್ಣೆ ಬಾಟಲಿ ನೋಡಿ. ಮಧ್ಯೆ ಯಾರೋ ಅಟ್ಟದ ಪ್ಯಾಕೆಟ್ಟಿನಿಂದ ತುಂಬಿಸಿರುತ್ತಾರೆ. ಆಮೇಲೆ ಶನಿವಾರ-ಭಾನುವಾರ ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ, ಮಗು ಬಿಟ್ಟದ್ದನ್ನು ಬಾಯಿಗೆ ಹಾಕಿಕೊಂಡದ್ದೂ ಸೇರಿ. ಐದು ದಿನ ಉಳಿಸಿದ್ದನ್ನು ಎರಡು ದಿನ ತಿಂದು ಮುಗಿಸುವುದು ಸುಲಭ. ಅಲ್ಲೂ ಸೋರಿಕೆ ಕಾಣದಿದ್ದರೆ ಧಾನ್ಯದಲ್ಲಿ 30 ಗ್ರಾಂ ಕಡಿಮೆ ಮಾಡಿ ಅಥವಾ ನಡಿಗೆಗೆ 15 ನಿಮಿಷ ಸೇರಿಸಿ. ಒಂದೇ ಬದಲಾವಣೆ, ಮತ್ತೆ ಎರಡು ವಾರ ಕಾಯಿರಿ. ತೂಕ ಇಳಿದಂತೆ ದೇಹಕ್ಕೆ ಬೇಕಾದ ಊಟವೂ ಇಳಿಯುತ್ತದೆ, 75 ಕೆಜಿಯ ಲೆಕ್ಕ 68 ಕೆಜಿಗೆ ಹೊಂದುವುದಿಲ್ಲ.

ಗುರಿ ಮುಟ್ಟಿದ ದಿನ ಹಳೇ ತಟ್ಟೆಗೆ ಮರಳಬೇಡಿ. ದಿನಕ್ಕೆ 30 ಗ್ರಾಂ ಧಾನ್ಯ ಸೇರಿಸಿ ಎರಡು ವಾರ ನೋಡಿ. ತೂಕ ಏರದಿದ್ದರೆ ಇನ್ನೊಂದು 30 ಗ್ರಾಂ. ಏರಲು ಶುರುವಾದ ಅಳತೆಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿ. ಎಣ್ಣೆ ಬಾಟಲಿ, ವಾರದ ಮೂರು ದಿನದ ಸಾಮು, ಗೋಡೆಗೆ ನೇತುಹಾಕಿದ ಟೇಪು, ಈ ಮೂರು ಇದ್ದಲ್ಲೇ ಇರಲಿ. ಸೊಂಟ 2 ಸೆಂಮೀ ಏರಿದ ವಾರವೇ ಮತ್ತೆ 200 ಗ್ರಾಂ ಲೆಕ್ಕಕ್ಕೆ ಇಳಿಯಿರಿ. ಹಬ್ಬ ಬಂದರೆ ಹೋಳಿಗೆ ಎರಡು, ಆ ಹೊತ್ತು ಅನ್ನ ಬೇಡ.